ಅಲ್ಲಿ ಹೋದ ಕೆಲಸ, ಇಲ್ಲಿ ಬಂದ ಸಂಬಳ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆಗೆ ಕೊಳೆ ಬಂದ ವರ್ಷಗಳಲ್ಲಿ ಎಷ್ಟೋ ಮನೆ ನಡೆದದ್ದು ಬೆಂಗಳೂರಿನ ಐಟಿ ಸಂಬಳದಿಂದ. 2020ರಲ್ಲಿ ಆ ಮಕ್ಕಳೇ ಊರಿಗೆ ಬಂದು, ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ, ಅಮೆರಿಕದ ವೇಳೆಗೆ ಸರಿಯಾಗಿ ಕೆಲಸ ಮಾಡಿದರು. ಆ ಕೆಲಸ ಇಲ್ಲಿಗೆ ಬರುವ ಮೊದಲು ಯಾರ ಕೈಯಲ್ಲಿತ್ತು?

ಅಮೆರಿಕದಿಂದ ಮೊದಲು ಹೊರಟದ್ದು ಕಾರ್ಖಾನೆಯ ಕೆಲಸ. ಆಮದಿನ ಪೈಪೋಟಿಯಲ್ಲಿ ಕೆಲಸ ಕಳೆದುಕೊಂಡವರಿಗೆ ಭತ್ಯೆ, ತರಬೇತಿ ಕೊಡುವ ಯೋಜನೆಯನ್ನು ಕೆನಡಿ ಸರ್ಕಾರ 1962ರಲ್ಲೇ ತಂದಿತ್ತು. ಆಫೀಸಿನವರಿಗೆ ಆಗ ಆ ಭಯವಿರಲಿಲ್ಲ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ಮಾಡುವ ವೈಟುಕೆ ದುರಸ್ತಿಯ ನೆಪದಲ್ಲಿ ನಮ್ಮ ಕಂಪನಿಗಳು ಅಲ್ಲಿನ ಬ್ಯಾಂಕು, ವಿಮಾ ಕಚೇರಿಗಳ ಒಳಹೊಕ್ಕವು. ಆಮೇಲೆ ಲೆಕ್ಕಪತ್ರ, ಕ್ಲೇಮು ಪರಿಶೀಲನೆ, ಪ್ರೋಗ್ರಾಮಿಂಗ್ ಒಂದೊಂದಾಗಿ ಕಡಲು ದಾಟಿದವು. ಸಾಲ ಮಾಡಿ ಕಾಲೇಜು ಓದಿದ ಅಲ್ಲಿನ ಮಧ್ಯಮ ವರ್ಗದವರ ಅನ್ನ ಅದು.

ಈ ನೋವು ತೀರಾ ಹತ್ತಿರದಿಂದ ಕಾಣುವುದು ಐಟಿಯವರು ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಹಳಬರು ಹೊಸಬರಿಗೆ ಕೆಲಸ ಕಲಿಸಿ ಒಪ್ಪಿಸುವುದು) ಎನ್ನುವ ಕಾಲ್‌ಗಳಲ್ಲಿ. ಯಾವ ಫೈಲು ರಾತ್ರಿ ಎಲ್ಲಿ ಸಿಕ್ಕಿಬೀಳುತ್ತದೆ, ತಿಂಗಳ ಕೊನೆಗೆ ಯಾವ ಲೆಕ್ಕ ತಾಳೆಯಾಗುವುದಿಲ್ಲ ಎಂದು ಆಚೆಯವರು ವಾರಗಟ್ಟಲೆ ಬಿಡಿಸಿ ಹೇಳುತ್ತಾರೆ, ಈಚೆಯವರು ಬರೆದುಕೊಳ್ಳುತ್ತಾರೆ. ಹೇಳಿ ಮುಗಿಸಿದವರಿಗೆ ಮರುದಿನ ಕೆಲಸವಿಲ್ಲ. ಕೆಲಸದಿಂದ ಬಿಡಿಸುವಾಗ ಕೊಡುವ ಪರಿಹಾರದ ಹಣ ಕೈಗೆ ಬರಬೇಕಾದರೆ ಹೊಸಬರಿಗೆ ಕಲಿಸಿಯೇ ಹೋಗಬೇಕೆಂಬ ಷರತ್ತೂ ಕೆಲವೆಡೆ ಇತ್ತು. ಕಲಿತ ನಮ್ಮ ಮಕ್ಕಳದು ಇದರಲ್ಲಿ ತಪ್ಪೇನಿಲ್ಲ, ಆದರೆ ಕಲಿಸಿದವರ ಸಂಕಟವನ್ನು ಮರೆಯುವುದೂ ನ್ಯಾಯವಲ್ಲ.

2004ರಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾನ್‌ಕಿವ್, ಹೊರಗುತ್ತಿಗೆ ದೇಶದ ಆರ್ಥಿಕತೆಗೆ ಮುಂದೆ ಒಳ್ಳೆಯದೇ ಎಂದಾಗ ದೊಡ್ಡ ಗದ್ದಲವೆದ್ದಿತು. ಒಟ್ಟು ಲೆಕ್ಕದಲ್ಲಿ ಅವರ ಮಾತು ಸರಿಯೇ ಇರಬಹುದು. ಆದರೆ ಲಾಭ ಷೇರುದಾರರಿಗೆ, ಗ್ರಾಹಕರಿಗೆ, ನಮಗೆ ಹಂಚಿಹೋಯಿತು. ನಷ್ಟವೆಲ್ಲ ಐವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡು ಮತ್ತೆ ಅಷ್ಟು ಸಂಬಳ ಕಾಣದವರ ತಲೆಗೆ ಬಿತ್ತು. 1962ರ ಆ ಯೋಜನೆಯ ಬಾಗಿಲು ಸೇವಾ ವಲಯದವರಿಗೆ ತೆರೆದದ್ದೇ 2009ರಲ್ಲಿ. 2022ರ ಜುಲೈಯಲ್ಲಿ ಹೊಸ ಅರ್ಜಿಗಳಿಗೆ ಮಂಜೂರಾತಿಯೇ ನಿಂತಿತು.

ಈಗ ಆ ಸರದಿ ನಮ್ಮ ಹತ್ತಿರ ಬರುತ್ತಿದೆ. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು. ಕೆಲಸ ಹೋದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ಅಡಿ ಒಂದು ಭತ್ಯೆಯೇನೋ ಇದೆ. ಆದರೆ ಇಎಸ್‌ಐಗೆ ಸೇರಲು ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಬೆಂಗಳೂರಿನ ಫ್ಲ್ಯಾಟಿನ ಕಂತು ಕಟ್ಟುತ್ತ, ಊರಿನ ಅಪ್ಪ ಅಮ್ಮನ ಔಷಧಿಗೂ ದುಡ್ಡು ಕಳಿಸುವ ನಲವತ್ತೈದರ ಇಂಜಿನಿಯರು ಅದರೊಳಗೆ ಬರುವುದಿಲ್ಲ. ಆ ಮಿತಿಯ ಪ್ರಶ್ನೆಯನ್ನು ನಮ್ಮ ಸಂಸದರು, ಶಾಸಕರ ಮುಂದೆ ಈಗಲೇ ಇಡಬೇಕು.