ಸ್ಟ್ಯಾಕ್ಡ್ ಕ್ಯಾಶ್: ಒಲೆ ಮೇಲಿನ ಅಟ್ಟ, ಒಲೆ ಕೆಳಗಿನ ಹಗೇವು

ಅಣ್ಣನ ಮಗನಿಗೆ ಕಂಪ್ಯೂಟರ್ ಕೊಡಿಸಲು ವಿಜಯಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. "ಕಾಕಾ, ಇದರಾಗ ಕ್ಯಾಶ್ ಜಾಸ್ತಿ ಐತಿ, ಇದನ್ನ ತಗೊಳ್ಳೋಣು" ಎಂದ. ರೊಕ್ಕ ವಾಪಸ್ ಬರುತ್ತದೇನೋ ಅಂದುಕೊಂಡು ಖುಷಿಪಟ್ಟೆ. ನೋಡಿದರೆ ಅದಕ್ಕೇ ರೇಟು ಜಾಸ್ತಿ!

ಈ ಕ್ಯಾಶ್ ಅಂದ್ರೆ ಪ್ರೊಸೆಸರ್ ಒಳಗೇ ಇರುವ ಸಣ್ಣ, ಭಾರಿ ಚುರುಕಿನ ಮೆಮೊರಿ. ರೊಟ್ಟಿ ಬಡಿಯುವಾಗ ಹಿಟ್ಟು ಪಕ್ಕದ ಪರಾತದಲ್ಲೇ ಇದ್ದರೆ ಕೈ ನಿಲ್ಲುವುದಿಲ್ಲ. ಪ್ರತಿ ರೊಟ್ಟಿಗೂ ಗಿರಣಿಗೆ ಓಡಿದರೆ? ಹಂಚು ಸುಮ್ನೆ ಕಾಯುತ್ತಿರುತ್ತದೆ. ಪರಾತ ಕ್ಯಾಶ್, ಗಿರಣಿ ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ರ್‍ಯಾಮ್. ಎಲ್3 ಎಂಬ ದೊಡ್ಡ ಹಂತದ ಕ್ಯಾಶ್‌ನಿಂದ ಮಾಹಿತಿ ಸುಮಾರು 10 ನ್ಯಾನೋಸೆಕೆಂಡಿನಲ್ಲಿ ಕೈಗೆ ಬರುತ್ತದೆ. ರ್‍ಯಾಮ್‌ನಿಂದ ತರಲು ಅದರ ಹಲವು ಪಟ್ಟು ಹೊತ್ತು ಬೇಕು.

ಗೇಮ್ ಆಡುವಾಗ ಪರದೆ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ, ಓಡಬೇಕೆಂದರೆ ಒಂದೊಂದಕ್ಕೂ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಎಂಬ ಲೆಕ್ಕವೆಲ್ಲ ಮುಗಿಯಬೇಕು. ಅಲ್ಲೊಂದು ಇಲ್ಲೊಂದು ಚದುರಿದ ಮಾಹಿತಿ ಮತ್ತೆ ಮತ್ತೆ ಬೇಕಾಗುತ್ತದೆ. ಗೇಮ್‌ಗೆ ಕ್ಯಾಶ್ ಒಗ್ಗುವುದು ಅದಕ್ಕೇ.

ಹಾಗಾದರೆ ಪರಾತವನ್ನೇ ದೊಡ್ಡದು ಮಾಡಿದರಾಯಿತು, ಅಲ್ವಾ? ಚಿಪ್ ಅಗಲವಾದಷ್ಟೂ ದುಬಾರಿ. ಅದಕ್ಕೆ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿ ಅಟ್ಟ ಕಟ್ಟಿತು. 2022ರಲ್ಲಿ ಬಂದ ತನ್ನ ಪ್ರೊಸೆಸರ್ ರೈಜನ್ 7 5800ಎಕ್ಸ್3ಡಿಯಲ್ಲಿ 32 ಎಂಬಿ ಕ್ಯಾಶ್ ಮೇಲೆ 64 ಎಂಬಿಯ ಇನ್ನೊಂದು ಸಿಲಿಕಾನ್ ತುಣುಕು ಕೂರಿಸಿ, ಒಟ್ಟು 96 ಎಂಬಿ ಮಾಡಿತು. ತಾಮ್ರಕ್ಕೆ ತಾಮ್ರವೇ ಅಂಟಿಕೊಳ್ಳುತ್ತದೆ, ನಡುವೆ ಸೋಲ್ಡರ್ ಇಲ್ಲ. ಇದೇ ಸ್ಟ್ಯಾಕ್ಡ್ ಕ್ಯಾಶ್. ಕಂಪನಿ ಇಟ್ಟ ಹೆಸರು 3ಡಿ ವಿ-ಕ್ಯಾಶ್.

ಒಲೆ ಮೇಲೆ ಅಟ್ಟ ಕಟ್ಟಿದರೆ ಬಿಸಿ ಎಲ್ಲಿಗೆ ಹೋಗಬೇಕು? ಶಾಖ, ವೋಲ್ಟೇಜ್ ಎರಡಕ್ಕೂ ಲಗಾಮು ಬಿತ್ತು. ಅಟ್ಟವಿಲ್ಲದ 5800ಎಕ್ಸ್ 4.7 ಗಿಗಾಹರ್ಟ್ಸ್ ವೇಗ ಮುಟ್ಟುತ್ತಿತ್ತು, ಇದು 4.5ಕ್ಕೆ ನಿಂತಿತು. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶ್ ತುಣುಕನ್ನು ಲೆಕ್ಕ ಮಾಡುವ ಕೋರ್‌ಗಳ ಕೆಳಗೆ ಇಳಿಸಿದರು. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು ಇತ್ತಲ್ಲ, ಥೇಟ್ ಹಾಗೆ. ಮೇಲೆ ಜಾಗ ಬಯಲಾಯಿತು, ಕೋರ್‌ಗಳ ಬಿಸಿ ನೇರ ಕೂಲರ್‌ಗೆ ಹೋಯಿತು, ವೇಗ 5.2 ಗಿಗಾಹರ್ಟ್ಸ್‌ಗೆ ಏರಿತು.

ಮುಂದೆ ಬರುವ ಚಿಪ್‌ಗಳ ಸುದ್ದಿಯಲ್ಲೂ ಈ ಪದ ಕೇಳುತ್ತೀರಿ. 'ಎಕ್ಸ್3ಡಿ' ಎಂಬ ಬಾಲ ನೋಡಿಯೇ ಮರುಳಾಗಬೇಡಿ. 4ಕೆ ಪರದೆಯಲ್ಲಿ ಆಡುವಾಗ ಬೆವರುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡು. ವಿಡಿಯೋ ಎಡಿಟಿಂಗ್‌ಗೂ ಇದರ ಲಾಭ ಅಷ್ಟಕ್ಕಷ್ಟೇ.

ನಮ್ಮ ಹುಡುಗ ಆಡುವುದು ವಿಮಾನ ಹಾರಿಸುವ ಗೇಮು. ಕ್ಯಾಶ್ ಇದ್ದಷ್ಟೂ ಬೇಕೆನ್ನುವ ಜಾತಿ ಅದು. ಬೇರೆ ದಾರಿ ಕಾಣದೆ ಜೇಬಿಗೆ ಕೈ ಹಾಕಿದೆ.