ಹೋಂಡಾ ಶ್ಯಾಡೋ 500: ಅದುರದ ವಿ-ಟ್ವಿನ್ ಹುಟ್ಟಿದ ಬಗೆ

1983ರಲ್ಲಿ ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ವಿಟಿ750ಸಿ ಮತ್ತು ವಿಟಿ500ಸಿ ಎಂಬ ಎರಡು ಬೈಕುಗಳನ್ನು ತಂದಿತು. ಎರಡಕ್ಕೂ ಶ್ಯಾಡೋ ಅಂತಲೇ ಹೆಸರು. ತಗ್ಗಿನ ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್, ನೀರಿನ ಹನಿಯಂಥ ಟ್ಯಾಂಕು, ಅದರ ಕೆಳಗೆ ವಿ ಆಕಾರದಲ್ಲಿ ನಿಂತ ಎರಡು ಸಿಲಿಂಡರ್. ಇದು ಹಾರ್ಲೆ-ಡೇವಿಡ್‌ಸನ್ ನಕಲು ಅಂತ ಅವತ್ತೇ ಜನ ಹೇಳಿದರು, ಈಗಲೂ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಆ ಮಾತು ಸುಳ್ಳಲ್ಲ. ಆದರೆ ಎಂಜಿನ್ ಬಿಚ್ಚಿ ಕ್ರ್ಯಾಂಕ್ (ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತಾಟವಾಗಿಸುವ ದಂಡ) ನೋಡಿದವರು ಹಾಗೆ ಹೇಳುವುದು ಕಷ್ಟ. ನನ್ನ ಮಟ್ಟಿಗಂತೂ ಆ ಕಾಲದ ಜಪಾನಿ ಕ್ರೂಸರ್‌ಗಳಲ್ಲಿ ತುಂಬಾ ಯೋಚಿಸಿ ಮಾಡಿದ ಎಂಜಿನ್ ಅಂದರೆ ಈ ಮಧ್ಯಮ ಗಾತ್ರದ 500ರದ್ದೇ.

ಕ್ರೂಸರ್ ಅಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಬಜಾಜ್ ಅವೆಂಜರ್. ಅದರ ಮೂಲವೂ ಜಪಾನೇ. ಬಜಾಜ್ 2001ರಲ್ಲಿ ಕವಾಸಾಕಿ ಜೊತೆ ಸೇರಿ 175 ಸಿಸಿಯ ಎಲಿಮಿನೇಟರ್ ಬಿಟ್ಟಿತ್ತು. ಅದೇ ಮುಂದೆ 2005ರಲ್ಲಿ ಅವೆಂಜರ್ ಆಯಿತು. ಅದನ್ನು ಓಡಿಸಿದವರಿಗೆ ಗೊತ್ತು, ನೇರ ರಸ್ತೆಯಲ್ಲಿ ಅದು ಎಷ್ಟು ಹಾಯಾಗಿ ಹೋಗುತ್ತದೆ, ಸಂದಿಯಲ್ಲಿ ತಿರುಗಿಸಲು ಹೋದರೆ ಎಷ್ಟು ಸತಾಯಿಸುತ್ತದೆ ಅಂತ. ಇದಕ್ಕೆ ಮುಖ್ಯ ಕಾರಣ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಓರೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ಗೆರೆ ಎಳೆದಂತೆ ಕೆಳಗೆ ಚಾಚಿದರೆ ಅದು ನೆಲ ಮುಟ್ಟುವ ಜಾಗ ಮುಂದಿರುತ್ತದೆ, ಟೈರು ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಈ ಅಂತರ ಜಾಸ್ತಿಯಾದಷ್ಟೂ ಚಕ್ರ ತಾನಾಗಿಯೇ ನೇರವಾಗಲು ನೋಡುತ್ತದೆ. ಫೋರ್ಕು ಓರೆಯಾದಷ್ಟೂ ಸಾಮಾನ್ಯವಾಗಿ ಅಂತರವೂ ಜಾಸ್ತಿ, ಎರಡು ಚಕ್ರಗಳ ನಡುವಿನ ದೂರವೂ ಜಾಸ್ತಿ. ಶ್ಯಾಡೋ ಸಹ ಇದೇ ಜಾತಿಯದು.

ಈಗ ಶ್ಯಾಡೋ 500ರ ಎಂಜಿನ್ನಿಗೆ ಬರೋಣ. 491 ಸಿಸಿ, 71 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), 62 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಎರಡು ಸಿಲಿಂಡರ್‌ಗಳ ನಡುವಿನ ಕೋನ 52 ಡಿಗ್ರಿ.

ಎಂಜಿನ್ 6,000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದುಕೊಳ್ಳಿ. ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಪ್ರತಿ ಸಲವೂ ತುದಿಯಲ್ಲಿ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಮೇಲಿನ ತುದಿಯಲ್ಲಿ ಅದರ ವೇಗೋತ್ಕರ್ಷ ಭೂಮಿಯ ಗುರುತ್ವದ ಸಾವಿರ ಪಟ್ಟಿಗಿಂತಲೂ ಹೆಚ್ಚು. ಗಟ್ಟಿಯಾಗಿ ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರೆಲ್ಲ ಕಂಬಿಯನ್ನು ಜಗ್ಗುವ ಹಾಗೆ, ಪಿಸ್ಟನ್ ಪ್ರತಿ ಸಲವೂ ಕ್ರ್ಯಾಂಕನ್ನು ಜಗ್ಗುತ್ತದೆ. ಹ್ಯಾಂಡಲ್ಲಿನಲ್ಲಿ ಕೈ ಜೋಮು ಹಿಡಿಸುವ ಅದುರು ಮುಖ್ಯವಾಗಿ ಇದೇ.

ಇದಕ್ಕೆ ಹಳೆಯ ಉಪಾಯ, ಕ್ರ್ಯಾಂಕಿನ ಎದುರು ಬದಿಯಲ್ಲಿ ಭಾರ ಇಡುವುದು. ಪಿಸ್ಟನ್ ಮೇಲಕ್ಕೆ ಹೋದಾಗ ಭಾರ ಕೆಳಕ್ಕೆ ಬರುತ್ತದೆ, ಜಗ್ಗಾಟ ಕಮ್ಮಿಯಾಗುತ್ತದೆ. ಆದರೆ ಪಿಸ್ಟನ್ ಹೋಗುವುದು ಒಂದೇ ಗೆರೆಯಲ್ಲಿ, ಭಾರ ಸುತ್ತುವುದು ವೃತ್ತದಲ್ಲಿ. ಮೇಲೆ ಕೆಳಗಿನ ಅದುರನ್ನು ಪೂರ್ತಿ ಅಳಿಸುವಷ್ಟು ಭಾರ ಇಟ್ಟರೆ ಹಿಂದೆ ಮುಂದಿನ ಅದುರು ಹೊಸದಾಗಿ ಹುಟ್ಟುತ್ತದೆ. ಹಾಗಾಗಿ ಒಂದೇ ಪಿಸ್ಟನ್ ಇದ್ದರೆ ಬರೀ ಭಾರ ಇಟ್ಟು ಅದುರನ್ನು ಪೂರ್ತಿ ಅಳಿಸಲು ಆಗುವುದೇ ಇಲ್ಲ. ಎರಡಿದ್ದರೆ, ಒಂದು ಉಳಿಸಿದ್ದನ್ನು ಇನ್ನೊಂದರಿಂದ ಅಳಿಸಬಹುದು.

ಹಾಗೆ ಅಳಿಸಲು ಸುಲಭದ ಕೋನ 90 ಡಿಗ್ರಿ. ಡುಕಾಟಿ ಎಂಜಿನ್ ಹೀಗಿದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಎರಡೂ ಕನೆಕ್ಟಿಂಗ್ ರಾಡ್‌ಗಳನ್ನು ಕ್ರ್ಯಾಂಕಿನ ಒಂದೇ ಪಿನ್ನಿಗೆ ಹಾಕಿದರೂ ಲೆಕ್ಕ ಸರಿಹೋಗುತ್ತದೆ. ಆದರೆ 90 ಡಿಗ್ರಿಯ ಎಂಜಿನ್ ಹಿಂದೆ ಮುಂದೆ ಉದ್ದ. ಕ್ರೂಸರ್‌ಗೆ ಬೇಕಾದದ್ದು ಕಿರಿದಾದ ವಿ. ಹಾರ್ಲೆಯದು 45 ಡಿಗ್ರಿ, ಪಿನ್ ಒಂದೇ. ಅದುರು ಅಲ್ಲಿ ಬೈಕಿನ ಸ್ವಭಾವವೇ ಆಗಿಹೋಗಿದೆ.

ಹೋಂಡಾದವರು ಕೋನ ಕಿರಿದಾಗಿಯೇ ಇಟ್ಟರು, ಆದರೆ ಪಿನ್ನನ್ನು ಎರಡು ಮಾಡಿದರು. ಎರಡು ಪಿನ್‌ಗಳ ನಡುವೆ ಎಷ್ಟು ಡಿಗ್ರಿ ಬಿಡಬೇಕು? ಲೆಕ್ಕ ಬಹಳ ಸರಳ. ಸಿಲಿಂಡರ್ ಕೋನದ ಎರಡರಷ್ಟನ್ನು 180ರಲ್ಲಿ ಕಳೆಯಿರಿ. 52ರ ಎರಡರಷ್ಟು 104. ಉಳಿದದ್ದು 76. ಶ್ಯಾಡೋ 500ರ ಕ್ರ್ಯಾಂಕಿನಲ್ಲಿ ಪಿನ್‌ಗಳ ನಡುವೆ ಇರುವುದು ಸರಿಯಾಗಿ 76 ಡಿಗ್ರಿ. ಇದೇ ಲೆಕ್ಕವನ್ನು 90 ಡಿಗ್ರಿ ಎಂಜಿನ್ನಿಗೆ ಹಾಕಿ ನೋಡಿ, ಸೊನ್ನೆ ಬರುತ್ತದೆ. ಅಲ್ಲಿ ಒಂದೇ ಪಿನ್ ಸಾಕಾಗುವುದು ಅದಕ್ಕೇ. ದೊಡ್ಡಣ್ಣ ಶ್ಯಾಡೋ 750ರ ಕೋನ 45, ಹಾಗಾಗಿ ಅದರ ಪಿನ್‌ಗಳ ನಡುವೆ 90. ಎಷ್ಟು ಚೆಂದದ ಲೆಕ್ಕ ಅಲ್ವಾ! ಅಕ್ಕಪಕ್ಕದ ಪಿನ್‌ಗಳಿಂದ ಬರುವ ಸಣ್ಣ ಓಲಾಟ ಉಳಿಯುತ್ತದೆ, ನಿಜ. ಆದರೆ ಕೈಗೆ ಹೊಡೆಯುವ ದೊಡ್ಡ ಅದುರು ಹೋಗಿಬಿಡುತ್ತದೆ. ಅದಕ್ಕಾಗಿ ಬೇರೆ ಬ್ಯಾಲೆನ್ಸರ್ ಶಾಫ್ಟ್ ಹಾಕಬೇಕಾಗಿಲ್ಲ.

ಇದರಿಂದ ಸದ್ದೂ ಬದಲಾಯಿತು. ಹಾರ್ಲೆಯಲ್ಲಿ ಒಂದು ಸಿಲಿಂಡರ್ ಹೊತ್ತಿದ ಮೇಲೆ ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದು ಹೊತ್ತುತ್ತದೆ, ಆಮೇಲೆ 405 ಡಿಗ್ರಿಯ ಬಿಡುವು. ಶ್ಯಾಡೋ 500ರಲ್ಲಿ ಅದು 232 ಮತ್ತು 488. ಲಯವೇ ಬೇರೆ. ಬರೀ ಸದ್ದಿಗಾಗಿ ಕ್ರೂಸರ್ ಕೊಳ್ಳುವವರಿಗೆ ಇದು ಒಗ್ಗಲಿಲ್ಲ. ಕೊನೆಗೆ 1995ರಲ್ಲಿ 1100 ಸಿಸಿಯ ಶ್ಯಾಡೋ ಏಸ್ ಮಾಡುವಾಗ ಹೋಂಡಾ ಮತ್ತೆ ಒಂದೇ ಪಿನ್ನಿನ ಕ್ರ್ಯಾಂಕ್ ಹಾಕಿತು. ಕಷ್ಟಪಟ್ಟು ತೆಗೆದ ಅದುರನ್ನು ಬೇಕಂತಲೇ ವಾಪಸ್ ತಂದರು. ಕೊಳ್ಳುವವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ 1983ರ ಕ್ರ್ಯಾಂಕೇ ನನಗೆ ಇಷ್ಟ.

ಅದೇ 1983ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಹಾರ್ಲೆಯನ್ನು ಉಳಿಸಲೆಂದು 700 ಸಿಸಿ ಮೀರಿದ ಆಮದು ಬೈಕುಗಳ ಸುಂಕವನ್ನು ಶೇ. 4.4ರಿಂದ ಶೇ. 49.4ಕ್ಕೆ ಏರಿಸಿದರು. ಮರುವರ್ಷವೇ 749 ಸಿಸಿಯ ಶ್ಯಾಡೋ 750 ಹೋಗಿ 694 ಸಿಸಿಯ ಶ್ಯಾಡೋ 700 ಬಂತು. ಬೋರ್ ಹಾಗೇ ಇಟ್ಟು ಸ್ಟ್ರೋಕ್ ಕಮ್ಮಿ ಮಾಡಿದ್ದರು. 500ಕ್ಕೆ ಈ ಸುಂಕದ ಬಿಸಿ ತಟ್ಟಲಿಲ್ಲ.

500ರ ಉಳಿದ ಭಾಗಗಳಲ್ಲೂ ಇಂಥದೇ ಕಾಳಜಿ ಕಾಣುತ್ತದೆ. ಪ್ರತಿ ಸಿಲಿಂಡರ್‌ಗೆ ಮೂರು ವಾಲ್ವ್, ಎರಡು ಒಳಗೆ ಎಳೆಯಲು, ಒಂದು ಹೊರಗೆ ಬಿಡಲು. ಸ್ಪಾರ್ಕ್ ಪ್ಲಗ್ ಎರಡೆರಡು. ಬೆಂಕಿ ಎರಡು ಕಡೆಯಿಂದ ಹಬ್ಬುವುದರಿಂದ ಮಿಶ್ರಣ ಬೇಗ ಉರಿಯುತ್ತದೆ. ಬೋರ್‌ಗಿಂತ ಸ್ಟ್ರೋಕ್ ಚಿಕ್ಕದಾದ್ದರಿಂದ ಎಂಜಿನ್ ಹಾಯಾಗಿ ಜೋರು ತಿರುಗುತ್ತದೆ. ಯುರೋಪಿಗೆ ಹೋದ ವಿಟಿ500ಇ ಬೈಕಿನಲ್ಲಿ ಇದೇ ಎಂಜಿನ್ 9,000 ಆರ್‌ಪಿಎಂನಲ್ಲಿ 50 ಅಶ್ವಶಕ್ತಿ ಕೊಡುತ್ತಿತ್ತು. ಸಿಲಿಂಡರ್ ಮೇಲೆ ಗಾಳಿಗೆ ತಣಿಯುವ ಎಂಜಿನ್ನಿನಂತೆ ಫಿನ್‌ಗಳಿವೆ, ಆದರೆ ಅಸಲಿಗೆ ತಣಿಸುವುದು ನೀರು. ರೇಡಿಯೇಟರ್ ಫ್ರೇಮಿನ ಮುಂದಿನ ಎರಡು ಪೈಪುಗಳ ನಡುವೆ ಅಡಗಿ ಕೂತಿದೆ. ಬಿಸಿಲಲ್ಲಿ, ಟ್ರಾಫಿಕ್ಕಿನಲ್ಲಿ ಹಿಂದಿನ ಸಿಲಿಂಡರ್‌ಗೆ ಗಾಳಿ ಸರಿಯಾಗಿ ಸಿಗುವುದಿಲ್ಲ ಎಂಬುದು ವಿ-ಟ್ವಿನ್‌ಗಳ ಹಳೇ ಕಾಯಿಲೆ. ನೀರು ಬಂದ ಮೇಲೆ ಆ ತಲೆನೋವು ತಪ್ಪಿತು. ಹಿಂದಿನ ಚಕ್ರಕ್ಕೆ ಚೈನಿಲ್ಲ, ಶಾಫ್ಟ್ ಇದೆ. ಕ್ರ್ಯಾಂಕ್ ಅಡ್ಡಲಾಗಿರುವುದರಿಂದ ಶಕ್ತಿ ಎರಡು ಸಲ ಮೂಲೆ ತಿರುಗಿ ಚಕ್ರ ಸೇರಬೇಕು, ಅಲ್ಲಿ ಒಂದಿಷ್ಟು ಶಕ್ತಿ ಸೋರುತ್ತದೆ, ತೂಕವೂ ಏರುತ್ತದೆ. ಬದಲಿಗೆ ಚೈನ್ ಬಿಗಿ ಮಾಡುವ, ಎಣ್ಣೆ ಹಾಕುವ ಕೆಲಸವೇ ಇಲ್ಲ.

ಅಮೆರಿಕದಲ್ಲಿ ಈ 500 ಕೆಲವೇ ವರ್ಷ ಮಾರಾಟವಾಯಿತು. ಎಂಜಿನ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1987ರಲ್ಲಿ ಅದನ್ನೇ 583 ಸಿಸಿಗೆ ಹಿಗ್ಗಿಸಿ ಟ್ರಾನ್ಸಾಲ್ಪ್ ಎಂಬ ಎತ್ತರದ ಪ್ರವಾಸಿ ಬೈಕಿಗೆ ಹಾಕಿದರು. ಮರುವರ್ಷ 647 ಸಿಸಿಯ ಆಫ್ರಿಕಾ ಟ್ವಿನ್ ಬಂತು. ಎರಡರಲ್ಲೂ ಸಿಲಿಂಡರ್ ಕೋನ 52, ಪಿನ್‌ಗಳ ನಡುವೆ 76.