ಕುಂಬಳಕಾಯಿ ಕೇಳಿದವರ ಲೆಕ್ಕದ ಪುಸ್ತಕ

ಹೋದ ವರ್ಷ ಜುಲೈನಲ್ಲಿ, ರಿಟರ್ನ್ಸ್ ಸಲ್ಲಿಸುವ ಗಡಿಬಿಡಿ ಜೋರಾಗಿದ್ದಾಗ, ನಮ್ಮ ಹಳೆಯ ಕ್ಲೈಂಟ್ ಒಬ್ಬರ ಮಗ ಆಫೀಸಿಗೆ ಬಂದ. ಅಮೆರಿಕದಲ್ಲಿ ಇಂಜಿನಿಯರ್, ರಜೆಗೆ ಊರಿಗೆ ಬಂದಿದ್ದ. ಅಪ್ಪನ ಕಾಗದಪತ್ರದ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಬ್ಯಾಗಿನಿಂದ ಒಂದು ಕಟ್ಟು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. "ಅಂಕಲ್, ಇದನ್ನ ಸ್ವಲ್ಪ ನೋಡಿ. ಇವರು ದುಡ್ಡು ಹೊಡೆದಿದ್ದಾರಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು."

ನೋಡಿದರೆ, ಜೇಮ್ಸ್ ರ‍್ಯಾಂಡಿ ಎಜುಕೇಷನಲ್ ಫೌಂಡೇಷನ್ನಿನ ಹಳೆಯ ವರ್ಷಗಳ ತೆರಿಗೆ ನಮೂನೆಗಳು. ಓದುವ ದಿನಗಳಲ್ಲಿ ಈ ಹುಡುಗ ಅವರಿಗೆ ದೇಣಿಗೆ ಕೊಟ್ಟಿದ್ದನಂತೆ. ಈಗ ಗೆಳೆಯನೊಬ್ಬ "ಅದೂ ಒಂದು ದುಡ್ಡಿನ ಅಂಗಡಿಯೇ" ಅಂದನಂತೆ. ಇವನಿಗೆ ನಿದ್ದೆ ಬಂದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ರ‍್ಯಾಂಡಿ ಜಾದೂಗಾರರು. ಪವಾಡ ಮಾಡ್ತೀವಿ ಅನ್ನುವವರ ಕೈಚಳಕ ಹಿಡಿಯುವುದರಲ್ಲಿ ಅವರಷ್ಟು ಹೆಸರು ಮಾಡಿದವರು ಕಡಿಮೆ. ಪೀಟರ್ ಪೊಪಾಫ್ ಎಂಬ ಬೋಧಕ ವೇದಿಕೆ ಮೇಲೆ ನಿಂತು, ಎಂದೂ ನೋಡದ ಭಕ್ತರ ಹೆಸರು, ಕಾಯಿಲೆ ಎಲ್ಲ ಹೇಳುತ್ತಿದ್ದ. ಕಿವಿಯೊಳಗಿನ ಪುಟ್ಟ ರಿಸೀವರಿಗೆ ಅವನ ಹೆಂಡತಿ 39.17 ಮೆಗಾಹರ್ಟ್ಸ್‌ನಲ್ಲಿ ಅದನ್ನೆಲ್ಲ ಹೇಳಿಕೊಡುತ್ತಿದ್ದಳು. ರ‍್ಯಾಂಡಿ ತಂಡ ಅದನ್ನು ರೇಡಿಯೋ ಸ್ಕ್ಯಾನರಿನಲ್ಲಿ ಹಿಡಿಯಿತು, 1986ರಲ್ಲಿ ಟೀವಿಯಲ್ಲೇ ಕೇಳಿಸಿತು. ಅಲೌಕಿಕ ಶಕ್ತಿ ಇದೆ ಅಂತ ಸಾಬೀತು ಮಾಡಿದವರಿಗೆ 1,000 ಡಾಲರ್ ಕೊಡ್ತೀನಿ ಅಂತ ರ‍್ಯಾಂಡಿ ಸ್ವಂತ ದುಡ್ಡಿಟ್ಟು ಸವಾಲು ಹಾಕಿದ್ದು 1964ರಲ್ಲಿ. 1996ರಲ್ಲಿ ಫ್ಲಾರಿಡಾದಲ್ಲಿ ಫೌಂಡೇಷನ್ ಶುರುವಾಯಿತು, ಬಹುಮಾನ 10 ಲಕ್ಷ ಡಾಲರ್ ಆಯಿತು. ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, ಒಬ್ಬರೂ ಗೆಲ್ಲಲಿಲ್ಲ. 2015ರಲ್ಲಿ ಸವಾಲು ನಿಂತಿತು. 2020ರಲ್ಲಿ ರ‍್ಯಾಂಡಿ ತೀರಿಕೊಂಡರು.

ಇಂಥ ಸಂಸ್ಥೆಯ ಲೆಕ್ಕ ಕೇಳಬಹುದಾ? ಖಂಡಿತ ಕೇಳಬಹುದು, ಕೇಳಲೇಬೇಕು. ಆದರೆ "ಹೊಡೆದಿದ್ದಾರಾ" ಅನ್ನುವ ಪ್ರಶ್ನೆಯನ್ನು ಆಡಿಟರ್ ಮುಂದೆ ಇಟ್ಟರೆ ಅವನ ಕೈಗೆ ಏನೂ ಸಿಗುವುದಿಲ್ಲ. ಒಂದು ನಮೂನೆ ನೋಡಿ ಕಳ್ಳ ಅಂತಲೂ ಹೇಳೋಕಾಗಲ್ಲ, ಸಾಚಾ ಅಂತಲೂ ಹೇಳೋಕಾಗಲ್ಲ. ಯಾವ ವರ್ಷ, ಯಾವ ಸಾಲು, ಯಾವ ಮೊತ್ತ ಅಂತ ಬೆರಳಿಟ್ಟು ಕೇಳಿದರೆ ಮಾತ್ರ ಉತ್ತರ ಬರುತ್ತದೆ. ರ‍್ಯಾಂಡಿ ಕೂಡ ಹಾಗೇ ಕೇಳುತ್ತಿದ್ದರು, ಅಲ್ವಾ? "ನಿನಗೆ ಶಕ್ತಿ ಇದೆಯಾ" ಅಂತ ಕೇಳಿ ಸುಮ್ಮನಾಗುತ್ತಿರಲಿಲ್ಲ. ಏನು ಮಾಡ್ತೀಯಾ, ಹತ್ತಕ್ಕೆ ಎಷ್ಟು ಸಲ ಸರಿಯಾಗಿ ಮಾಡ್ತೀಯಾ, ಎಷ್ಟು ಬಂದರೆ ಸೋಲು ಅಂತ ಒಪ್ಪಿಕೊಳ್ತೀಯಾ ಅಂತ ಮೊದಲೇ ಬರೆಸಿಕೊಳ್ಳುತ್ತಿದ್ದರು.

ಅದಕ್ಕೇ ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು.

ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆ ಪ್ರತಿ ವರ್ಷ ಫಾರ್ಮ್ 990 ಸಲ್ಲಿಸಬೇಕು. ಅದು ಸರಕಾರಿ ಕಪಾಟಿನಲ್ಲೇ ಉಳಿಯುವ ಕಾಗದ ಅಲ್ಲ. ಹಿಂದಿನ 3 ವರ್ಷದ ಫಾರ್ಮನ್ನು ಯಾರು ಬೇಕಾದರೂ ಕೇಳಬಹುದು. ಕಚೇರಿಗೇ ಹೋಗಿ ಕೇಳಿದರೆ ಸಾಮಾನ್ಯವಾಗಿ ಅದೇ ದಿನ ಕೊಡಬೇಕು, ಪತ್ರ ಬರೆದು ಕೇಳಿದರೆ 30 ದಿನದೊಳಗೆ. ಸತತ 3 ವರ್ಷ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ಹೋಗುತ್ತದೆ. ಚರ್ಚುಗಳಿಗೆ ಮಾತ್ರ ಈ ಫಾರ್ಮ್ ಕಡ್ಡಾಯ ಇಲ್ಲ. ಅಂದರೆ ಪವಾಡ ಪರೀಕ್ಷೆ ಮಾಡುವವರು ಲೆಕ್ಕ ತೋರಿಸಲೇಬೇಕು, ಪವಾಡದ ಪ್ರಾರ್ಥನೆ ನಡೆಸುವ ಚರ್ಚು ತೋರಿಸಬೇಕಿಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಹುಡುಗನ ಮೊದಲ ಅನುಮಾನ ಆ 10 ಲಕ್ಷದ ಬಗ್ಗೆ. "ಅಷ್ಟು ದುಡ್ಡು ಇಟ್ಕೊಂಡು ಮತ್ತೆ ದೇಣಿಗೆ ಯಾಕೆ ಕೇಳ್ತಿದ್ರು?" ಬ್ಯಾಲೆನ್ಸ್ ಶೀಟ್ ಓದಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ಬಹುಮಾನದ ಹಣ ಬಾಂಡ್‌ಗಳ ರೂಪದಲ್ಲಿ, ಅದಕ್ಕೆಂದೇ ಇಟ್ಟ ಪ್ರತ್ಯೇಕ ಖಾತೆಯಲ್ಲಿತ್ತು. ನಾಳೆ ಯಾರಾದರೂ ಗೆದ್ದರೆ ಕೊಟ್ಟುಬಿಡಬೇಕಾದ ದುಡ್ಡು ಅದು. ಅದರಲ್ಲಿ ಬಾಡಿಗೆ, ಸಂಬಳ ಕೊಟ್ಟರೆ ಅದೇ ತಪ್ಪು. ನಮ್ಮ ಟ್ರಸ್ಟುಗಳಲ್ಲಿ ದಿನದ ಖರ್ಚಿಗೆ ಮುಟ್ಟದೆ ಇಡುವ ಮೂಲಧನಕ್ಕೆ ಕಾರ್ಪಸ್ ಅಂತೀವಲ್ಲ, ಹತ್ತಿರ ಹತ್ತಿರ ಹಾಗೆ. ಮನೆ ಕಟ್ಟಲು ಇಟ್ಟ ಠೇವಣಿ ತೋರಿಸಿ "ಇವರಿಗೇನು ಕಮ್ಮಿ, ರೇಷನ್ ಯಾಕೆ ಸಾಲ ತಗೋತಾರೆ" ಅಂತ ಕೇಳಿದ ಹಾಗಾಯಿತು.

ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಇದೆ: ಸವಾಲು ನಿಂತ ಮೇಲೆ ಆ ಹಣ ಏನಾಯಿತು? ಅದನ್ನು ಹುಡುಕುವ ದಾರಿಯೂ ಇದೆ. ಸಂಸ್ಥೆ ಇನ್ನು ಮುಂದೆ ಬೇರೆಯವರಿಗೆ ಅನುದಾನ ಕೊಡುವ ಫೌಂಡೇಷನ್ ಆಗಿ ನಡೆಯುತ್ತದೆ ಎಂದು ಪ್ರಕಟಿಸಿದರು. ಅಂಥ ಖಾಸಗಿ ಫೌಂಡೇಷನ್‌ಗಳಿಗೆ ಬೇರೆ ಫಾರ್ಮ್ ಇದೆ, 990-ಪಿಎಫ್. ಅದರಲ್ಲಿ ಯಾರಿಗೆ, ಎಷ್ಟು, ಯಾವ ಉದ್ದೇಶಕ್ಕೆ ಅನುದಾನ ಕೊಟ್ಟರು ಅಂತ ಒಂದೊಂದಾಗಿ ಬರೆಯಬೇಕು. ಇವನು ತಂದ ಕಟ್ಟಿನಲ್ಲಿ ಆ ವರ್ಷಗಳೇ ಇರಲಿಲ್ಲ. ಅನುಮಾನ ಪಟ್ಟವನು ಉತ್ತರ ಇರುವ ಪುಟ ಬಿಟ್ಟು ಮಿಕ್ಕದ್ದೆಲ್ಲ ಪ್ರಿಂಟ್ ತೆಗೆದಿದ್ದ. "ಅದನ್ನ ಇಳಿಸ್ಕೊಂಡು ಓದು, ಆಮೇಲೆ ಗೆಳೆಯನ ಹತ್ತಿರ ಮಾತಾಡು" ಅಂದೆ.

ಎರಡನೆಯದು ಸಂಬಳ. ಫಾರ್ಮಿನ 7ನೇ ಭಾಗದಲ್ಲಿ ಪ್ರತಿ ನಿರ್ದೇಶಕರ ಹೆಸರು, ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಸಂಭಾವನೆ ಎಲ್ಲ ಇರುತ್ತದೆ. ಅದನ್ನು ನೋಡಿದ ತಕ್ಷಣ ನಮ್ಮವರಿಗೆ ಮೈ ಉರಿಯುತ್ತದೆ. ಸೇವೆ ಮಾಡುವವರು ಬಿಟ್ಟಿ ಮಾಡಬೇಕು ಅನ್ನುವ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಪಾಠ ಹೇಳುವ, ಬರೆಯುವ, ಪರೀಕ್ಷೆ ನಡೆಸುವ ಸಂಸ್ಥೆಯಲ್ಲಿ ಜನರೇ ಕೆಲಸ. ಅಲ್ಲಿ ಅಕ್ಕಿ, ಕಂಬಳಿ ಹಂಚುವುದಿಲ್ಲ, ಹಾಗಾಗಿ ಖರ್ಚಿನ ದೊಡ್ಡ ಪಾಲು ಸಂಬಳವೇ ಆಗಿರುತ್ತದೆ. ನಾನು ನೋಡುವುದು ಬೇರೆ. ಸಂಬಳ ನಿಗದಿ ಮಾಡಿದ್ದು ಯಾರು? ಆ ಸಭೆಯಲ್ಲಿ ಸಂಬಳ ಪಡೆಯುವವರೇ ಕೂತಿದ್ದರಾ? ಒಂದೇ ಮನೆಯವರು ಎಷ್ಟು ಜನ ಇದ್ದಾರೆ? ಇದಕ್ಕೆ 6ನೇ ಭಾಗದಲ್ಲಿ ಹೌದು-ಇಲ್ಲ ಪ್ರಶ್ನೆಗಳಿವೆ. ಸಲ್ಲಿಸುವ ಮೊದಲು ಈ ಫಾರ್ಮನ್ನು ಆಡಳಿತ ಮಂಡಳಿಗೆ ಕೊಟ್ಟಿರಾ ಅಂತಲೂ ಅಲ್ಲೊಂದು ಪ್ರಶ್ನೆ ಇದೆ. ಆ ಉತ್ತರ "ಇಲ್ಲ" ಅಂತ ಇದ್ದರೆ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತೇನೆ, ಯಾವ ಸಂಸ್ಥೆಯೇ ಆಗಲಿ. ಒಳಗಿನವರ ಜೊತೆ ಸಾಲ, ವ್ಯಾಪಾರ ನಡೆದಿದ್ದರೆ ಷೆಡ್ಯೂಲ್ ಎಲ್ ಎಂಬ ಹಾಳೆ ಬೇರೆ ಇರುತ್ತದೆ.

ಖರ್ಚನ್ನು 9ನೇ ಭಾಗದಲ್ಲಿ ಮೂರು ಕಾಲಂ ಮಾಡಿ ತೋರಿಸುತ್ತಾರೆ: ಉದ್ದೇಶದ ಕೆಲಸಕ್ಕೆ, ಆಡಳಿತಕ್ಕೆ, ದೇಣಿಗೆ ಸಂಗ್ರಹಕ್ಕೆ. ಜನ ಇದರ ಶೇಕಡಾವಾರು ಲೆಕ್ಕ ಹಾಕಿ ಒಳ್ಳೆಯ ಸಂಸ್ಥೆ, ಕೆಟ್ಟ ಸಂಸ್ಥೆ ಅಂತ ತೀರ್ಮಾನಿಸಿಬಿಡುತ್ತಾರೆ. ಈ ಹಂಚಿಕೆ ಮಾಡುವುದು ಸಂಸ್ಥೆಯವರೇ. ನಿರ್ದೇಶಕರ ಸಮಯದಲ್ಲಿ ಎಷ್ಟು ಪಾಲು ಶಿಕ್ಷಣ, ಎಷ್ಟು ಪಾಲು ಆಡಳಿತ ಅನ್ನುವುದು ಅಂದಾಜು. ಸಮಯದ ದಾಖಲೆ ಇಟ್ಟಿದ್ದಾರಾ ಅಂತ ಕೇಳಿದರೆ ಎಷ್ಟೋ ಕಡೆ ಮೌನ. ಇನ್ನು ಸಮ್ಮೇಳನಗಳು. ರ‍್ಯಾಂಡಿ ಫೌಂಡೇಷನ್ 2003ರಿಂದ 2015ರವರೆಗೆ ದೊಡ್ಡ ಸಮ್ಮೇಳನಗಳನ್ನು ನಡೆಸಿತು, ಹೆಚ್ಚಿನವು ಲಾಸ್ ವೇಗಸ್‌ನಲ್ಲಿ. ಸಾವಿರಾರು ಡಾಲರ್ ಹೋಟೆಲಿಗೆ ಹೋಗುತ್ತದೆ, ಟಿಕೆಟಿನಿಂದ ಬರುತ್ತದೆ. ಬಂದದ್ದನ್ನು ಮಾತ್ರ ನೋಡಿದರೆ ಶ್ರೀಮಂತರು, ಹೋದದ್ದನ್ನು ಮಾತ್ರ ನೋಡಿದರೆ ದುಂದುಗಾರರು. ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ವರ್ಷ ನೋಡದೆ ನಾಲ್ಕೈದು ವರ್ಷ ಸಾಲಾಗಿಟ್ಟು ನೋಡಬೇಕು. 2014ರಲ್ಲಿ ಅಧ್ಯಕ್ಷರು ಸಂಸ್ಥೆಯಿಂದ ಹೊರಹೋದಾಗ, ಖರ್ಚು ಕಡಿಮೆ ಮಾಡಲು ಪುನರ್ರಚನೆ ಅಂತ ಸಂಸ್ಥೆ ಹೇಳಿತು. ಅಂಥ ಮಾತು ಬಂದಾಗ ಅದರ ಹಿಂದಿನ ಮತ್ತು ಮುಂದಿನ ಎರಡೆರಡು ವರ್ಷದ ಫಾರ್ಮ್ ತೆಗೆಯುವುದು ನಮ್ಮ ಕಸುಬಿನ ಅಭ್ಯಾಸ.

ಈಗ ನಮ್ಮ ಕಡೆಗೆ ಬರೋಣ, ಯಾಕೆಂದರೆ ಹುಡುಗ ಹೊರಡುವಾಗ ಕೇಳಿದ್ದು ಇದನ್ನೇ: "ಇಲ್ಲಿ ಪವಾಡ ಬಯಲು ಮಾಡೋ ಸಂಘಕ್ಕೂ ದುಡ್ಡು ಕಳಿಸ್ತೀನಿ ಅಂಕಲ್, ಅವರದ್ದು ಎಲ್ಲಿ ಸಿಗುತ್ತೆ?"

ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸ ಇದೆ. ಅಮೆರಿಕದ ಬಫಲೊದಲ್ಲಿ ಸಂದೇಹವಾದಿಗಳ ಮೊದಲ ದೊಡ್ಡ ಸಮಿತಿ ಹುಟ್ಟಿದ್ದು 1976ರಲ್ಲಿ. ಅದೇ ವರ್ಷ ಇಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಿ ಅಂದರು. ಅಂಗಿಯ ತೋಳಿನೊಳಗೆ ಬಚ್ಚಿಡಲು ಆಗದಷ್ಟು ದೊಡ್ಡದು ಕುಂಬಳಕಾಯಿ, ಅದಕ್ಕೇ. ಆ ಕುಂಬಳಕಾಯಿ ಕೊನೆಗೂ ಬರಲಿಲ್ಲ.

ಆ ಪರಂಪರೆಯ ಸಂಘಗಳು ಇವತ್ತು ತಮ್ಮ ಲೆಕ್ಕವನ್ನು ಎಲ್ಲಿ ಇಡುತ್ತವೆ? ಕಾನೂನು ಅವರಿಂದ ಕೇಳುವುದು ಕಡಿಮೆ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಬ್ಯಾಲೆನ್ಸ್ ಶೀಟ್ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೂರನೇ ಒಂದು ಭಾಗ ಸದಸ್ಯರು ಸೇರಿ ಅರ್ಜಿ ಕೊಟ್ಟರೆ ವಿಚಾರಣೆಯೂ ನಡೆಯಬಹುದು. ಟ್ರಸ್ಟ್ ಆದರೆ ಅಷ್ಟೂ ಇಲ್ಲ. ಮಹಾರಾಷ್ಟ್ರದಲ್ಲಿ ಅದಕ್ಕೊಬ್ಬ ಚಾರಿಟಿ ಕಮಿಷನರ್ ಇದ್ದಾರೆ. ಇಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಾಯಿಸಿದರೆ ಆಯಿತು, ಮಿಕ್ಕದ್ದು ಆದಾಯ ತೆರಿಗೆ ಇಲಾಖೆಗೆ ಬಿಟ್ಟದ್ದು. ನಾವು ಆಡಿಟ್ ಮಾಡಿ ಇಲಾಖೆಗೆ ಸಲ್ಲಿಸುವ ವರದಿ ದಾನಿಯ ಕಣ್ಣಿಗೆ ಬೀಳುವುದಿಲ್ಲ. ಸರಕಾರದಿಂದ ಗಣನೀಯ ದುಡ್ಡು ಪಡೆದು ನಡೆಯುವ ಸಂಸ್ಥೆಗಳು ಮಾಹಿತಿ ಹಕ್ಕಿಗೆ ಬರುತ್ತವೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಈ ಸಂಘಗಳಿಗೆ ಸರಕಾರದ ದುಡ್ಡೆಲ್ಲಿ? ಇನ್ನು ಹುಡುಗ ಅಮೆರಿಕದ ಪ್ರಜೆ ಆಗಿಬಿಟ್ಟರೆ ಅವನ ದೇಣಿಗೆ ವಿದೇಶಿ ದೇಣಿಗೆ, ಅದನ್ನು ಪಡೆಯಲು ಸಂಘಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರೆಗೂ ಆ ತೊಂದರೆ ಇಲ್ಲ.

ಕಾನೂನು ಕೇಳದಿದ್ದರೆ ತಾವಾಗಿಯೇ ತೋರಿಸಬೇಕು, ಇಷ್ಟೇ ನನ್ನ ಮಾತು. ಊರೆಲ್ಲರ ಹತ್ತಿರ ಪುರಾವೆ ಕೇಳುವವರು ತಮ್ಮ ಪಾಸ್‌ಬುಕ್ ತೋರಿಸಲು ಹಿಂದೆ ಮುಂದೆ ನೋಡಬಾರದು.

ಒಂದು ಭಯ ನಿಜವಾದದ್ದು, ಅದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ದಾನಿಗಳ ಹೆಸರು ಹೊರಗೆ ಬಂದರೆ ನಾಳೆ ಅವರ ಮನೆ ಮುಂದೆ ಯಾರು ನಿಲ್ಲುತ್ತಾರೋ. ಆದರೆ ಹೆಸರು ಬೇರೆ, ಮೊತ್ತ ಬೇರೆ. ಅಮೆರಿಕದಲ್ಲೂ ಸಾರ್ವಜನಿಕ ದೇಣಿಗೆಯಿಂದ ನಡೆಯುವ ಸಂಸ್ಥೆಗಳ ದಾನಿಗಳ ಹೆಸರನ್ನು ಮುಚ್ಚಿ ಉಳಿದದ್ದನ್ನೆಲ್ಲ ತೋರಿಸುತ್ತಾರೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿಯಿತು ಅಂತ ಬರೆಯಲು ಒಬ್ಬರ ಹೆಸರೂ ಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ತಾಲೂಕು ಕೇಂದ್ರದ ಇಂಥ ಸಂಘದ ಲೆಕ್ಕ ನನ್ನ ಹತ್ತಿರ ಬಂತು. ಕಾರ್ಯದರ್ಶಿ ನಿವೃತ್ತ ವಿಜ್ಞಾನ ಮೇಷ್ಟ್ರು. ಚಪ್ಪಲಿ ಡಬ್ಬದಲ್ಲಿ ವೋಚರು ತುಂಬಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಡಬ್ಬ ತೆಗೆದರೆ ಕರ್ಪೂರದ ವಾಸನೆ. ಒಂದೊಂದೇ ಚೀಟಿ ಬಿಡಿಸಿದೆ: ಕರ್ಪೂರ, ನಿಂಬೆಹಣ್ಣು, ಅರಿಶಿನ, ಸುಣ್ಣ, ಗ್ಲಿಸರಿನ್, ಪೊಟ್ಯಾಸಿಯಂ ಪರ್ಮಾಂಗನೇಟ್. ಶಾಲೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮಕ್ಕೆ ತಂದದ್ದು. ಗ್ಲಿಸರಿನ್ನನ್ನೂ ಪರ್ಮಾಂಗನೇಟನ್ನೂ ಸೇರಿಸಿದರೆ ಕಡ್ಡಿ ಗೀರದೆ ಬೆಂಕಿ ಹೊತ್ತುತ್ತದೆ, ಅರಿಶಿನ ಸುಣ್ಣ ಸೇರಿದರೆ ರಕ್ತದ ಬಣ್ಣ. ಮಧ್ಯೆ ಬಸ್ ಟಿಕೆಟ್, ಟೀ ಚೀಟಿ. ಕ್ಯಾಶ್ ಬುಕ್ ಇಲ್ಲ. ದೇಣಿಗೆ ಎಲ್ಲ ಮೇಷ್ಟ್ರ ಫೋನ್ ನಂಬರಿಗೇ ಬರುತ್ತಿತ್ತು, ಅವರ ಪೆನ್ಷನ್ ಬರುವ ಖಾತೆಗೇ.

ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಹುಡುಗ ಎದ್ದು ಲೆಕ್ಕ ಕೇಳಿದ್ದನಂತೆ. "ಯಾವ ಸ್ವಾಮಿ ಕಳಿಸಿದ್ದಾನೋ ನಿನ್ನ?" ಅಂತ ಹಿರಿಯ ಸದಸ್ಯರೊಬ್ಬರು ಗದರಿದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹೊರಗಿನವರಿಗೆ ಹಾಗೇ ಕಂಡಿತು. ಊರಲ್ಲಿ ಗುಸುಗುಸು ಶುರುವಾಯಿತು. ಮೇಷ್ಟ್ರು ಅದನ್ನು ಹೇಳುವಾಗ ಅವರ ಕೈ ನಡುಗುತ್ತಿತ್ತು.

ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ಒಂದೊಂದು ನಮೂದಿಗೂ ಚೀಟಿ ಹೊಂದಿಸಿದೆವು. ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಬಂದ ಲೆಕ್ಕ: ಸಂಘಕ್ಕೆ ಬಂದದ್ದಕ್ಕಿಂತ ಖರ್ಚಾದದ್ದು 41,000 ರೂಪಾಯಿ ಜಾಸ್ತಿ. ಅದು ಮೇಷ್ಟ್ರ ಪೆನ್ಷನ್ ದುಡ್ಡು. ಅವರಿಗೇ ಗೊತ್ತಿರಲಿಲ್ಲ. ಪುಸ್ತಕ ಇಡದೇ ಇದ್ದದ್ದರಿಂದ ಅವರು ಕೊಟ್ಟದ್ದೂ ಮುಚ್ಚಿಹೋಗಿತ್ತು, ಮೇಲೆ ಕಳ್ಳ ಅನ್ನಿಸಿಕೊಂಡದ್ದೂ ಆಯಿತು.

ಆಮೇಲೆ ಸಂಘದ ಹೆಸರಿನಲ್ಲೇ ಖಾತೆ ತೆರೆಸಿದೆವು. ಕ್ಯೂಆರ್ ಕೋಡ್ ಬದಲಾಯಿತು. ನಂಬರ್ ಹಾಕಿದ ರಸೀದಿ ಪುಸ್ತಕ ಬಂತು, ಚೆಕ್ಕಿಗೆ ಇಬ್ಬರ ಸಹಿ ಆಯಿತು. ವರ್ಷದ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಸಭೆಗೆ ಎರಡು ವಾರ ಮೊದಲು ಎಲ್ಲ ಸದಸ್ಯರ ವಾಟ್ಸಾಪಿಗೆ ಹಾಕಬೇಕು ಅಂತ ಠರಾವು ಮಾಡಿಸಿದೆ. ಮುಂದಿನ ಸಭೆಗೆ ನನ್ನನ್ನೂ ಕರೆದರು.

ಅದೇ ಹುಡುಗ ಮತ್ತೆ ಎದ್ದ. ಕೈಯಲ್ಲಿ ಆ ಹಾಳೆಯ ಪ್ರಿಂಟ್ ಇತ್ತು. "11ನೇ ಸಾಲು, ಮೊಳೆ 9 ಕೆ.ಜಿ. ಅಂತಿದೆ. ಅಷ್ಟು ಮೊಳೆ ಯಾಕೆ ಸರ್?" ಈ ಸಲ ಯಾರೂ ಗದರಲಿಲ್ಲ. ಮೇಷ್ಟ್ರು ಎದ್ದು ಒಳಗಿನ ಕೋಣೆಗೆ ಹೋದರು. ಇಬ್ಬರ ಕೈಲಿ ಒಂದು ಉದ್ದನೆಯ ಹಲಗೆ ಹೊರಿಸಿಕೊಂಡು ಬಂದರು. ಹಲಗೆ ತುಂಬ ಒತ್ತೊತ್ತಾಗಿ ಮೊಳೆ ಹೊಡೆದಿತ್ತು, ಚೂಪು ಮೇಲೆ ಮಾಡಿ. ಮುಳ್ಳಿನ ಹಾಸಿಗೆ ಮೇಲೆ ಮಲಗುವ ಬಾಬಾಗಳ ಗುಟ್ಟನ್ನು ಮಕ್ಕಳಿಗೆ ತೋರಿಸಲು ಮಾಡಿಸಿದ್ದು.

"ಎಣಿಸ್ಕೋ ಮರಿ" ಅಂದರು. ಹುಡುಗ ನೆಲದ ಮೇಲೆ ಕೂತು ಒಂದು ಸಾಲಿನ ಮೊಳೆ ಎಣಿಸಿದ, ಸಾಲುಗಳನ್ನು ಎಣಿಸಿದ, ಹಾಳೆಯ ಹಿಂದೆ ಗುಣಿಸಿ ನೋಡಿದ.